ಹೊಸ ಪವರ್‌ಮ್ಯಾನ್‌ಗೆ ಕಂಬದ ಬುಡದಲ್ಲಿ ಕಲಿಸುವವರು ಯಾರು?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಿರಿಯ ಪವರ್‌ಮ್ಯಾನ್ ಹುದ್ದೆಗೆ ಕಂಬ ಹತ್ತುವ ಪರೀಕ್ಷೆ ನಡೆದಾಗಲೆಲ್ಲ ಪತ್ರಿಕೆಗಳಲ್ಲಿ ಅದರ ಫೋಟೊ ಬರುತ್ತದೆ. 8 ಮೀಟರ್ ಕಂಬ ಹತ್ತಬೇಕು, 100 ಮೀಟರನ್ನು 14 ಸೆಕೆಂಡಿನಲ್ಲಿ ಓಡಬೇಕು, 800 ಮೀಟರ್ ಓಟ ಬೇರೆ, ಸ್ಕಿಪ್ಪಿಂಗ್, ಗುಂಡು ಎಸೆತ. 2024ರ ಅಕ್ಟೋಬರಿನಲ್ಲಿ ಕೆಪಿಟಿಸಿಎಲ್ ಮತ್ತು ವಿದ್ಯುತ್ ಸರಬರಾಜು ಕಂಪನಿಗಳಾದ ಎಸ್ಕಾಂಗಳಿಗೆ 2,975 ಹುದ್ದೆ ಕರೆದ ಮೇಲಂತೂ ಹುಡುಗರು ಹಳೇ ಕಂಬ ಎಲ್ಲಿ ಸಿಕ್ಕರೂ ಬಿಡದೆ ಹತ್ತಿ ಇಳಿದು ಅಭ್ಯಾಸ ಮಾಡಿದರು. ಒಳ್ಳೆಯದೇ. ಆದರೆ ಪರೀಕ್ಷೆಯ ಕಂಬದಲ್ಲಿ ಕರೆಂಟ್ ಇರುವುದಿಲ್ಲ. ಆಯ್ಕೆಯಾದ ಹುಡುಗ ಶಾಖೆಗೆ ಬಂದ ಮೇಲೆ ಏನಾಗುತ್ತದೆ, ಅವನನ್ನು ಯಾರ ಜತೆ ಕಳಿಸುತ್ತಾರೆ, ಕೆಲಸ ಹೇಳಿಕೊಡುವವರು ಯಾರು, ಇದನ್ನು ಯಾರೂ ಬರೆಯುವುದಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಿದೆ, ದಯವಿಟ್ಟು ಪೂರ್ತಿ ಹಾಕಿ.

ನಾನು ಮಲೆನಾಡಿನ ಒಂದು ಶಾಖೆಯಲ್ಲಿ ಮೇಸ್ತ್ರಿ. ಊರ ಜನಕ್ಕೆ ನಾವೆಲ್ಲ ಲೈನ್‌ಮನ್‌ಗಳೇ. ಕಂಪನಿ ನೌಕರ ಆದ್ದರಿಂದ ನನ್ನ ಹೆಸರು, ಶಾಖೆಯ ಹೆಸರು ಪ್ರಕಟಿಸಬೇಡಿ ಅಂತ ಕೇಳಿಕೊಳ್ಳುತ್ತೇನೆ. ಯಾರ ಮೇಲೂ ದೂರು ಹೇಳುವ ಉದ್ದೇಶ ನನಗಿಲ್ಲ. ನಾನು ಹೇಳುವ ಮಾತು ಎಲ್ಲ ಎಸ್ಕಾಂಗಳಿಗೂ ಹೊಂದುತ್ತದೆ.

ಕಾಗದದಲ್ಲಿ ನೋಡಿದರೆ ಹೊಸ ಹುಡುಗನಿಗೆ ಮೊದಲ ಮೂರು ವರ್ಷ ತರಬೇತಿ ಅವಧಿ. ಸಂಬಳವೂ ಹಾಗೇ, ನಿಗದಿತ ಮೊತ್ತ. ಸರಿ, ತರಬೇತಿ ಅಂದಮೇಲೆ ಕಲಿಸುವವರು ಒಬ್ಬರು ಇರಬೇಕಲ್ವಾ? ಕ್ಲಾಸ್‌ರೂಮಿನಲ್ಲಿ ಕೂರಿಸಿ ಪರದೆ ಮೇಲೆ ಚಿತ್ರ ತೋರಿಸುವುದು ಕೆಲವೇ ದಿನ. ಉಳಿದ ಅಷ್ಟೂ ದಿನ ಅವನು ಶಾಖೆಯಲ್ಲಿ, ಲೈನಿನ ಮೇಲೆ ಇರುತ್ತಾನೆ. ಅಲ್ಲಿ ಅವನ ಗುರು ಅಂದರೆ ಆವತ್ತು ಯಾರ ಬೈಕಿನ ಹಿಂದೆ ಕೂತನೋ ಅವನು. ಆ ಹಿರಿಯ ಒಳ್ಳೆಯವನಾದರೆ ಹುಡುಗನ ಪುಣ್ಯ. ಈಚೆಗೆ ಎಷ್ಟೋ ಕಡೆ ಆ ಬೈಕ್ ಓಡಿಸುವವನೂ ಹೊಸಬನೇ.

ನನಗೆ ಕಲಿಸಿದವರು ಒಬ್ಬ ಹಿರಿಯ ಮೇಸ್ತ್ರಿ. ಅವರು ಒಂದು ದಿನವೂ ನನ್ನನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳಿದವರಲ್ಲ. ಅವರು ಕಲಿಸಿದ್ದೆಲ್ಲ ಕೆಲಸದ ನಡುವೆಯೇ. ಒಂದು ಉದಾಹರಣೆ ಹೇಳುತ್ತೇನೆ, ಓದುಗರಿಗೆ ನಮ್ಮ ಕೆಲಸದ ಅಂದಾಜೂ ಸಿಗುತ್ತದೆ.

11 ಕೆವಿ ಲೈನ್ ಮೇಲೆ ಕೆಲಸ ಮಾಡಬೇಕಾದರೆ ಮೊದಲು ಸಬ್‌ಸ್ಟೇಷನ್‌ನಿಂದ ಎಲ್‌ಸಿ ತಗೋಬೇಕು. ಎಲ್‌ಸಿ ಅಂದರೆ ಲೈನ್ ಕ್ಲಿಯರ್. ಆ ಫೀಡರ್, ಅಂದರೆ ಸಬ್‌ಸ್ಟೇಷನ್‌ನಿಂದ ಹೊರಡುವ ಆ ಲೈನನ್ನು, ಆಫ್ ಮಾಡಿ, ಪುಸ್ತಕದಲ್ಲಿ ಬರೆದು, ಯಾರ ಹೆಸರಿಗೆ ಕೊಟ್ಟಿದ್ದೇವೆ ಅಂತ ಗುರುತು ಹಾಕುತ್ತಾರೆ. ಎಲ್‌ಸಿ ತಗೊಂಡವನೇ ವಾಪಸ್ ಕೊಡಬೇಕು. ಇಡೀ ಫೀಡರ್ ನಿಲ್ಲಿಸುವುದು ಬೇಡ ಅಂದರೆ ನಾವು ಕೆಲಸ ಮಾಡುವ ಭಾಗವನ್ನು ಮಾತ್ರ ಜಿಒಎಸ್ ತೆಗೆದು ಬೇರೆ ಮಾಡುತ್ತೇವೆ. ರಸ್ತೆ ಬದಿ ಎರಡು ಕಂಬದ ಮೇಲೆ ಅಡ್ಡಕ್ಕೆ ಕೂತಿರುತ್ತದೆ, ಕೆಳಗೆ ಹಿಡಿ ಇರುತ್ತದೆ, ಅದೇ ಜಿಒಎಸ್. ಹಿಡಿ ಎಳೆದರೆ ಮೇಲೆ ಮೂರು ಬ್ಲೇಡ್ ಒಟ್ಟಿಗೆ ಬಿಚ್ಚಿಕೊಳ್ಳಬೇಕು. ಬಿಚ್ಚಿಕೊಳ್ಳಬೇಕು ಅಂದೆ, ಯಾವಾಗಲೂ ಹಾಗಾಗುವುದಿಲ್ಲ. ವರ್ಷಗಟ್ಟಲೆ ಮಳೆ ತಿಂದ ರಾಡ್ ಬಾಗಿರುತ್ತದೆ, ಒಂದು ಇನ್ಸುಲೇಟರ್ ಬಿರುಕು ಬಿಟ್ಟಿರುತ್ತದೆ. ಎರಡು ಬ್ಲೇಡ್ ಬಿಚ್ಚಿ ಮೂರನೆಯದು ಕಚ್ಚಿಕೊಂಡೇ ಉಳಿಯುತ್ತದೆ. ಕೆಳಗೆ ಹಿಡಿ ಮಾತ್ರ ಪೂರ್ತಿ ಬಂದಿರುತ್ತದೆ. ಹಿಡಿ ನೋಡಿ ನಂಬಿದವನು ಕಂಬ ಹತ್ತುತ್ತಾನೆ.

ನಮ್ಮ ಮೇಸ್ತ್ರಿ ಹಿಡಿ ಎಳೆದ ಮೇಲೆ ನೇರ ಕೆಳಗೆ ಹೋಗಿ ನಿಲ್ಲುತ್ತಿದ್ದರು. ಆಷಾಢದ ಮಂಜಿನಲ್ಲಿ, ಮುಖಕ್ಕೆ ಮಳೆ ಹೊಡೆಯುತ್ತಿದ್ದರೂ ತಲೆ ಎತ್ತಿ ಒಂದು, ಎರಡು, ಮೂರು ಅಂತ ಬಾಯಿಬಿಟ್ಟು ಎಣಿಸುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ "ನೀನು ಎಣಿಸು ಮಾರಾಯ" ಅನ್ನುತ್ತಿದ್ದರು. "ನೀವೇ ಎಣಿಸಿದ್ರಲ್ಲ ಅಣ್ಣ" ಅಂದರೆ, "ನಾನು ನೋಡಿದ್ದು ನನ್ನ ಜೀವಕ್ಕೆ. ನಿಂದು ನೀನು ನೋಡ್ಕೋ" ಅನ್ನುವುದು. ಎಣಿಸುವವರೆಗೂ ಅಲ್ಲಿಂದ ಕದಲುತ್ತಿರಲಿಲ್ಲ. ಅದಾದ ಮೇಲೆ ಟೆಸ್ಟರ್ ಹಿಡಿದು ನೋಡುವುದು, ಆಮೇಲೆ ಲೈನನ್ನು ಭೂಮಿಗೆ ಜೋಡಿಸುವ ಡಿಸ್ಚಾರ್ಜ್ ರಾಡ್. ರಾಡಿನ ಭೂಮಿ ಕಡೆಯ ಕ್ಲಾಂಪ್ ಮೊದಲು ಬಿಗಿಯಾಗಬೇಕು, ಆಮೇಲೆ ಲೈನಿಗೆ. ತೆಗೆಯುವಾಗ ಉಲ್ಟಾ, ಲೈನಿನದು ಮೊದಲು, ಭೂಮಿಯದು ಕೊನೆಗೆ. ಕೆಲಸ ಮಾಡುವ ಜಾಗದ ಎರಡೂ ಕಡೆ ಅರ್ಥ್ ಮಾಡಬೇಕು. ಒಂದೇ ಕಡೆ ಮಾಡಿದರೆ ಇನ್ನೊಂದು ಕಡೆಯಿಂದ ಕರೆಂಟ್ ಬರಬಹುದು.

ಎಲ್‌ಸಿ ತಗೊಂಡ ಮೇಲೆ ಇನ್ನೊಂದು ಕಡೆಯಿಂದ ಹೇಗೆ ಬರುತ್ತೆ ಅಂತ ನಾನೂ ಆಗ ಕೇಳಿದ್ದೆ. ಅವರು ಉತ್ತರ ಹೇಳಲಿಲ್ಲ. ಬೈಕಿನಲ್ಲಿ ಕೂರಿಸಿಕೊಂಡು ಒಂದು ಎಸ್ಟೇಟಿಗೆ ಕರೆದುಕೊಂಡು ಹೋದರು, ಅಲ್ಲಿನ ಜನರೇಟರ್ ತೋರಿಸಿದರು. ಕರೆಂಟ್ ಹೋದಾಗ ಅದನ್ನು ಮನೆಗೆ ತಿರುಗಿಸುವ ಸ್ವಿಚ್ ಸರಿಯಾಗಿ ಕೂರಿಸದಿದ್ದರೆ ಜನರೇಟರ್ ಕರೆಂಟು ಮನೆಗಳಿಗೆ ಕರೆಂಟ್ ಕೊಡುವ ನಮ್ಮ ಎಲ್‌ಟಿ ಲೈನಿಗೆ ನುಗ್ಗುತ್ತದೆ. ಅಲ್ಲಿಂದ ಟಿಸಿಗೆ, ಅಂದರೆ ಟ್ರಾನ್ಸ್‌ಫಾರ್ಮರಿಗೆ, ಹೋದರೆ ಅದೇ ಟಿಸಿ ಅದನ್ನು 11 ಸಾವಿರ ವೋಲ್ಟಿಗೆ ಏರಿಸಿ ಮೇಲಿನ ಲೈನಿಗೆ ಕಳಿಸುತ್ತದೆ. ಸಬ್‌ಸ್ಟೇಷನ್‌ನಲ್ಲಿ ಆಫ್, ಜಿಒಎಸ್ ಮೂರೂ ಬ್ಲೇಡ್ ಓಪನ್, ಆದರೂ ಲೈನಿನಲ್ಲಿ ಕರೆಂಟ್. ಇದನ್ನು ಕ್ಲಾಸಿನಲ್ಲಿ ಕೇಳಿದ್ದರೆ ನಾನು ಮರೆತುಬಿಡುತ್ತಿದ್ದೆನೋ ಏನೋ. ಆ ಎಸ್ಟೇಟಿನ ಶೆಡ್ಡಿನಲ್ಲಿ ನಿಂತು ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಕಣ್ಣಾರೆ ನೋಡಿದ ಮೇಲೆ ಇವತ್ತಿಗೂ ಎರಡು ಕಡೆ ಅರ್ಥ್ ಮಾಡದೆ ಕಂಬಕ್ಕೆ ಕಾಲಿಡುವುದಿಲ್ಲ.

ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳಲ್ಲಿ ಗ್ಲೌಸ್, ರಬ್ಬರ್ ಶೂ, ಬೆಲ್ಟ್, ಹೆಲ್ಮೆಟ್, ಅರ್ಥ್ ಮಾಡುವ ಸಾಧನ, ಲೈನ್ ಟೆಸ್ಟರ್ ಎಲ್ಲ ಕೊಡಬೇಕು ಅಂತ ಇದೆ. ಕೊಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಟೆಸ್ಟರ್ ಬ್ಯಾಗಿನಲ್ಲಿ ಇದ್ದೂ ತೆಗೆಯದೆ ಹತ್ತುವ ಹುಡುಗರನ್ನು ನಾನು ದಿನಾ ನೋಡುತ್ತೇನೆ. ಅದನ್ನು ತೆಗೆಯುವ ಅಭ್ಯಾಸ ನಿಯಮ ಓದಿದರೆ ಬರುವುದಿಲ್ಲ. ಹಿರಿಯ ತೆಗೆದರೆ ಕಿರಿಯ ತೆಗೆಯುತ್ತಾನೆ. ಹಿರಿಯ "ಏ, ಏನೂ ಆಗಲ್ಲ ಬಾರೋ" ಅಂದರೆ ಕಿರಿಯನೂ ನಾಳೆಯಿಂದ ಅದನ್ನೇ ಅನ್ನುತ್ತಾನೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಕಲಿಸುವುದು ಅಂದರೆ ಒಳ್ಳೆಯದನ್ನು ಮಾತ್ರ ಕಲಿಸುವುದು ಅಂತ ಅಂದುಕೊಳ್ಳಬೇಡಿ. ಶಾರ್ಟ್‌ಕಟ್‌ಗಳನ್ನೂ ಹಿರಿಯರೇ ಕಲಿಸುತ್ತಾರೆ. ಒಣ ಕೋಲಿನಲ್ಲಿ ಫ್ಯೂಸ್ ಹಾಕುವುದು, ಗ್ಲೌಸ್ ಹಾಕಿದರೆ ಕೈ ಆಡಲ್ಲ ಅಂತ ಕಳಚಿಡುವುದು, ಎಲ್‌ಸಿ ಬುಕ್ಕಿಗೆ ಆಮೇಲೆ ಬರೆದರಾಯ್ತು ಅಂತ ಫೋನಿನಲ್ಲೇ ಮುಗಿಸುವುದು, ಇದೆಲ್ಲ ಯಾವ ತರಬೇತಿ ಕೇಂದ್ರದಲ್ಲೂ ಹೇಳಿಕೊಟ್ಟದ್ದಲ್ಲ. ಶಾಖೆಯಲ್ಲಿ ಒಬ್ಬರನ್ನು ನೋಡಿ ಒಬ್ಬರು ಕಲಿತದ್ದು. ಅಂದರೆ ನೀವು ವ್ಯವಸ್ಥೆ ಮಾಡಿದರೂ ಮಾಡದಿದ್ದರೂ ಕಲಿಸುವ ಕೆಲಸ ನಡೆದೇ ನಡೆಯುತ್ತದೆ. ಮೇಲಿನವರು ಅದರಲ್ಲಿ ಕೈಹಾಕದೆ ದೂರ ಕೂತರೆ ಹುಡುಗ ಯಾವುದನ್ನು ಕಲಿತು ಹೊರಬರುತ್ತಾನೋ ಹೇಳುವುದಕ್ಕಾಗುವುದಿಲ್ಲ.

ಮೇಲಿನವರು ಅಂದೆ. ಮೇಸ್ತ್ರಿ ಒಬ್ಬನಿಂದ ಆಗುವ ಕೆಲಸ ಇದಲ್ಲ. ಶಾಖಾಧಿಕಾರಿ, ಅವರ ಮೇಲೆ ಉಪವಿಭಾಗದ ಎಂಜಿನಿಯರ್ ಆದ ಎಇಇ, ಇವರು ದಿನಾ ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ನನ್ನ ಸರ್ವಿಸಿನಲ್ಲಿ ಕಂಡ ಇಬ್ಬರು ಶಾಖಾಧಿಕಾರಿಗಳ ವಿಷಯ ಹೇಳುತ್ತೇನೆ.

ಮೊದಲನೆಯವರು ವಯಸ್ಸಿನಲ್ಲಿ ನಮಗಿಂತ ಚಿಕ್ಕವರು, ಎಂಜಿನಿಯರಿಂಗ್ ಮುಗಿಸಿ ಬಂದವರು. ಬೆಳಿಗ್ಗೆ ಆಫೀಸಿಗೆ ಬಂದರೆ ಒಳಗೆ ಹೋಗಿ ಕೂರುತ್ತಿರಲಿಲ್ಲ. ಹೊರಗೆ ಜಗುಲಿಯಲ್ಲಿ ನಮ್ಮ ಜತೆಗೇ ಹತ್ತು ನಿಮಿಷ ನಿಲ್ಲುತ್ತಿದ್ದರು. ಇವತ್ತು ಎಲ್ಲೆಲ್ಲಿ ಕೆಲಸ, ಯಾವ ಫೀಡರ್, ಎಲ್‌ಸಿ ಯಾರ ಹೆಸರಿಗೆ, ಅರ್ಥ್ ಎಲ್ಲೆಲ್ಲಿ ಹಾಕುತ್ತೀರಿ. ಈ ಪ್ರಶ್ನೆ ಮೊದಲು ಕೇಳುತ್ತಿದ್ದದ್ದು ಎಲ್ಲರಿಗಿಂತ ಹೊಸಬನಾದ ಹುಡುಗನನ್ನು. ಅವನು ಹಳೇ ಬಿಲ್ಲಿನ ಹಿಂದೆ ಪೆನ್ನಿನಲ್ಲಿ ಗೀಚಿ ತೋರಿಸಬೇಕು. ಅವನು ಮುಗಿಸುವವರೆಗೆ ನಾವು ಹಿರಿಯರು ಬಾಯಿ ಹಾಕುವ ಹಾಗಿಲ್ಲ. ಮೊದಮೊದಲು ನಮಗೆ ಕಿರಿಕಿರಿ ಆಗುತ್ತಿತ್ತು, ಹೊತ್ತಾಯ್ತು ಅಂತ. ಆಮೇಲೆ ಅರ್ಥ ಆಯ್ತು. ಹಿರಿಯ ಮೊದಲು ಮಾತಾಡಿದರೆ ಹುಡುಗ ತಲೆ ಆಡಿಸುತ್ತಾನೆ ಅಷ್ಟೇ, ಅವನಿಗೆ ಗೊತ್ತಿದೆಯೋ ಇಲ್ಲವೋ ಯಾರಿಗೂ ತಿಳಿಯುವುದಿಲ್ಲ.

ಒಮ್ಮೆ ಮರ ಬಿದ್ದು ಲೈನ್ ತುಂಡಾಗಿತ್ತು. ಊರಿನವರು ಸುತ್ತ ನಿಂತಿದ್ದರು. ಎರಡು ದಿನದಿಂದ ಕರೆಂಟ್ ಇಲ್ಲ, ಮೊಬೈಲ್ ಸತ್ತಿದೆ, ಬೋರ್‌ವೆಲ್ ಓಡುತ್ತಿಲ್ಲ, ಎಲ್ಲರಿಗೂ ಸಿಟ್ಟು. ಎಲ್‌ಸಿ ಸಿಕ್ಕಿತ್ತು, ಅರ್ಥ್ ಆಗಿತ್ತು, ಇನ್ನೇನು ಹತ್ತಬೇಕು. ಅಷ್ಟರಲ್ಲಿ ಹೊಸ ಹುಡುಗ ಮೆಲ್ಲಗೆ "ಸಾರ್, ತಿರುವಿನಲ್ಲಿ ಅಡ್ಡ ಹೋಗಿರೋ ಲೈನ್ ಬೇರೆ ಫೀಡರಿಂದು ಅನ್ನಿಸುತ್ತೆ" ಅಂದ. ನಮಗೆ ಗೊತ್ತು, ಅದು ಇದೇ ಫೀಡರ್. ನಾನೇ ಹೇಳಬೇಕು ಅಂತಿದ್ದೆ. ಶಾಖಾಧಿಕಾರಿ ಕೈ ಅಡ್ಡ ಹಿಡಿದರು. "ಎಲ್ಲರೂ ನಿಲ್ಲಿ" ಅಂತ ಹೇಳಿ, ಹುಡುಗನನ್ನು ಕರೆದುಕೊಂಡು ಮಳೆಯಲ್ಲೇ ಕಂಬದಿಂದ ಕಂಬಕ್ಕೆ ನಡೆದು ಹೋದರು. ಅರ್ಧ ಗಂಟೆ ಹಿಡಿಯಿತು. ಊರಿನವರು ಬಾಯಿಗೆ ಬಂದಂತೆ ಮಾತಾಡಿದರು. ವಾಪಸ್ ಬಂದಾಗ ಹುಡುಗನ ಮುಖ ಸಣ್ಣದಾಗಿತ್ತು, ಅದು ಒಂದೇ ಫೀಡರ್ ಅಂತ ಖಾತ್ರಿ ಆಗಿತ್ತು. ಶಾಖಾಧಿಕಾರಿ ಎಲ್ಲರ ಎದುರಿಗೆ ಅವನಿಗೆ ಹೇಳಿದ್ದು ಇಷ್ಟೇ: "ಒಳ್ಳೆ ಕೆಲಸ ಮಾಡಿದೆ. ಅನುಮಾನ ಬಂದಾಗೆಲ್ಲ ಹೀಗೇ ಹೇಳು. ನಿಲ್ಲಿಸಿದ್ದಕ್ಕೆ ಯಾರಾದ್ರೂ ಕೇಳಿದ್ರೆ ನನ್ನ ಹೆಸರು ಹೇಳು." ಸಂಜೆ ಎಇಇ ಫೋನಿನಲ್ಲಿ ಯಾಕೆ ತಡ ಅಂತ ಕೇಳಿದಾಗಲೂ "ನಾನೇ ನಿಲ್ಲಿಸಿದ್ದು ಸರ್" ಅಂದರು.

ಹುಡುಗ ಹೇಳಿದ್ದು ತಪ್ಪಾಗಿತ್ತು. ಆದರೂ ಹೊಗಳಿದರು. ಅದರಲ್ಲೇ ಇರುವುದು ವಿಷಯ. ಸರಿ ಹೇಳಿದಾಗ ಬೆನ್ನು ತಟ್ಟುವುದು ಯಾರಿಗಾದರೂ ಬರುತ್ತದೆ. ತಪ್ಪು ಅನುಮಾನಕ್ಕೂ ಮರ್ಯಾದೆ ಸಿಕ್ಕರೆ ಮಾತ್ರ ಹುಡುಗ ನಾಳೆ ಸರಿಯಾದ ಅನುಮಾನ ಬಂದಾಗ ಬಾಯಿ ಬಿಡುತ್ತಾನೆ. ಆ ದಿನದ ನಂತರ ನಮ್ಮ ಶಾಖೆಯಲ್ಲಿ ಗುತ್ತಿಗೆ ಗ್ಯಾಂಗ್‌ನ ಹುಡುಗರು ಕೂಡ ಧೈರ್ಯವಾಗಿ ಕೇಳುವುದಕ್ಕೆ ಶುರು ಮಾಡಿದರು.

ಎರಡನೆಯವರು ಕೆಟ್ಟವರಲ್ಲ, ಕೆಲಸಗಾರರೇ. ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೂ ಎತ್ತುತ್ತಿದ್ದರು. ಆದರೆ ಒಂದು ಸಾರಿ ಇಂಥದ್ದೇ ಸಂದರ್ಭದಲ್ಲಿ ಹುಡುಗನೊಬ್ಬ ಏನೋ ಹೇಳಹೊರಟಾಗ "ನಿನ್ನನ್ನ ಕೇಳಿದ್ನಾ?" ಅಂದುಬಿಟ್ಟರು. ಜನರ ಎದುರಿಗೆ. ಆ ಒಂದು ಮಾತಿಗೆ ಶಾಖೆಯೇ ಮೌನ ಆಯಿತು. ಯಾರೂ ಕೆಲಸ ಬಿಡಲಿಲ್ಲ, ಎದುರುತ್ತರ ಕೊಡಲಿಲ್ಲ, ಹೇಳಿದ್ದಕ್ಕೆಲ್ಲ "ಆಯ್ತು ಸಾರ್" ಅಂತಿದ್ದರು. ಅವರಿಗೆ ಅದು ಶಿಸ್ತು ಅನ್ನಿಸಿರಬೇಕು. ಕೆಳಗಿನಿಂದ ನೋಡುವ ನಮಗೆ ಭಯ ಆಗುತ್ತಿತ್ತು, ಯಾಕೆಂದರೆ ಲೈನ್ ಕೆಲಸದಲ್ಲಿ "ಆಯ್ತು ಸಾರ್" ಅನ್ನುವುದು ಬಹಳ ಅಪಾಯದ ಮಾತು.

ಬೈಯುವುದೇ ಬೇಡ ಅಂತ ನಾನು ಹೇಳುತ್ತಿಲ್ಲ. ಬೆಲ್ಟ್ ಹಾಕದೆ ಹತ್ತಿದವನನ್ನು ನಾನೂ ಕೂಗಿ ಇಳಿಸಿದ್ದೇನೆ, ಮುಂದೆಯೂ ಇಳಿಸುತ್ತೇನೆ. ಆ ಕೂಗು ಜೀವಕ್ಕಾಗಿ ಅಂತ ಹುಡುಗನಿಗೂ ಗೊತ್ತಾಗುತ್ತದೆ, ಕೆಳಗೆ ಬಂದು ಟೀ ಕುಡಿದರೆ ಮುಗಿಯಿತು. ಪ್ರಶ್ನೆ ಕೇಳಿದವನನ್ನು ಹೀಯಾಳಿಸುವುದು ಬೇರೆ. ಅದು ಟೀ ಕುಡಿದರೂ ಹೋಗುವುದಿಲ್ಲ. "ನಮ್ಮ ಕಾಲದಲ್ಲಿ ಯಾರು ಕಲಿಸಿದ್ರು? ಬೈಸ್ಕೊಂಡು, ಪೆಟ್ಟು ತಿಂದು ಕಲಿತಿದ್ದೇವೆ" ಅಂತ ನಮ್ಮಲ್ಲೇ ಕೆಲವು ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಅವರಿಗೆ ನನ್ನ ಉತ್ತರ: ಹಾಗೆ ಕಲಿತವರಲ್ಲಿ ಉಳಿದವರು ಮಾತ್ರ ಇವತ್ತು ಈ ಮಾತು ಹೇಳುತ್ತಿದ್ದಾರೆ. ಹೋದವರ ಮನೆಯಲ್ಲಿ ಹೋಗಿ ಕೇಳಿ. ಕೈ ಕಳೆದುಕೊಂಡು ಆಫೀಸಿನಲ್ಲಿ ಲೆಡ್ಜರ್ ಬರೆಯುತ್ತಾ ಕೂತವರನ್ನು ಕೇಳಿ.

ಈ ನಾಡಿನಲ್ಲಿ ವಿದ್ಯುತ್ ಕೆಲಸ ನಿನ್ನೆ ಮೊನ್ನೆಯದಲ್ಲ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಲೈನ್ ಎಳೆದ ನಾಡು ಇದು. ಅಂದಿನಿಂದ ಇಂದಿನವರೆಗೆ ಈ ಕೆಲಸ ಕೈಯಿಂದ ಕೈಗೆ ಬಂದಿದೆ. ಕೆಇಬಿ ಕಾಲದಲ್ಲಿ ಸೇರಿದವರು ಆಮೇಲೆ ಬಂದವರಿಗೆ ಕಲಿಸಿದರು, ಅವರು ನಮಗೆ. ಈಗ ಆ ಕೊಂಡಿ ಕಳಚುತ್ತಿದೆ. ನೇಮಕಾತಿ ವರ್ಷಗಟ್ಟಲೆ ನಿಂತು ಆಮೇಲೆ ಒಮ್ಮೆಲೇ ಆಗುತ್ತದೆ. ನಡುವಿನ ವಯಸ್ಸಿನವರು ಕಡಿಮೆ. ಹಿರಿಯರು ಒಬ್ಬೊಬ್ಬರೇ ನಿವೃತ್ತಿ ಆಗುತ್ತಿದ್ದಾರೆ. ಇದ್ದ ಹಿರಿಯನನ್ನು ಬಾಕಿ ವಸೂಲಿಗೆ ಕಳಿಸುತ್ತಾರೆ, ಯಾಕೆಂದರೆ ಅವನಿಗೆ ಎಲ್ಲ ಮನೆ ಗೊತ್ತು, ಜನ ಅವನ ಮಾತು ಕೇಳುತ್ತಾರೆ. ಕಂಬಕ್ಕೆ ಹೋಗುವುದು ಇಬ್ಬರು ಹೊಸಬರು. ಒಬ್ಬ ಬಂದು ಎಂಟು ತಿಂಗಳಾಗಿರುತ್ತದೆ, ಇನ್ನೊಬ್ಬ ಮೂರು ತಿಂಗಳು. ದಾರಿ ಗೊತ್ತಿಲ್ಲದ ಇಬ್ಬರು ಒಬ್ಬರ ಕೈ ಒಬ್ಬರು ಹಿಡಿದು ಹೊಳೆ ದಾಟಿದ ಹಾಗೆ.

ಶಾಖಾಧಿಕಾರಿಗಳ ಕಷ್ಟವೂ ನನಗೆ ಗೊತ್ತು. ಅವರ ಕೈಯಲ್ಲಿ ಮೊಬೈಲ್ ಒಂದು ನಿಮಿಷ ಸುಮ್ಮನಿರುವುದಿಲ್ಲ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಇವತ್ತಿನ ವಸೂಲಿ ಎಷ್ಟು, ಹೊಸ ಸಂಪರ್ಕ ಎಷ್ಟು ಬಾಕಿ, ಮೀಟರ್ ದೂರು ಎಷ್ಟು ಮುಗಿಯಿತು ಅಂತ ಕೇಳುತ್ತಲೇ ಇರುತ್ತಾರೆ. ಮಧ್ಯಾಹ್ನ ವಿಡಿಯೊ ಮೀಟಿಂಗ್. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಆರ್‌ಆರ್ ನಂಬರು, ಆಧಾರ್ ಅಂತ ಕೌಂಟರಿಗೆ ಬರುವ ಜನರಿಗೂ ಅವರೇ ಉತ್ತರ ಹೇಳಬೇಕಾಯಿತು. ಆ ಯೋಜನೆ ಒಳ್ಳೆಯದೇ, ನಮ್ಮೂರಿನ ಎಷ್ಟೋ ಬಡವರಿಗೆ ಅನುಕೂಲ ಆಗಿದೆ. ನಾನು ಹೇಳುವುದು, ಇಷ್ಟರ ನಡುವೆ ಹುಡುಗನ ಜತೆ ಕಂಬದ ಬುಡದಲ್ಲಿ ನಿಲ್ಲುವುದಕ್ಕೆ ಅವರಿಗೆ ಸಮಯ ಕೊಟ್ಟವರು ಯಾರು? ಮೇಲಿನಿಂದ ಬರುವ ನೂರು ಪ್ರಶ್ನೆಯಲ್ಲಿ "ಈ ವಾರ ಹೊಸಬರಿಗೆ ಏನು ಹೇಳಿಕೊಟ್ಟಿರಿ" ಅನ್ನುವ ಪ್ರಶ್ನೆ ಒಂದೂ ಇಲ್ಲ. ಯಾರೂ ಕೇಳದ ಕೆಲಸವನ್ನು ಯಾರು ಮಾಡುತ್ತಾರೆ ಹೇಳಿ. ಮಾಡುವ ಕೆಲವರು ತಮ್ಮ ಒಳ್ಳೆಯತನಕ್ಕೆ ಮಾಡುತ್ತಿದ್ದಾರೆ. ಅವರ ವರ್ಗಾವಣೆ ಆದ ದಿನ ಅದು ನಿಂತುಹೋಗುತ್ತದೆ. ನಮ್ಮಲ್ಲಿ ಆದದ್ದೂ ಅದೇ. ಆ ಜಗುಲಿಯ ಹತ್ತು ನಿಮಿಷ ಅವರ ಹಿಂದೆಯೇ ಹೋಯಿತು.

ಗುತ್ತಿಗೆ ಗ್ಯಾಂಗಿನವರ ವಿಷಯವನ್ನು ಬಿಡುವ ಹಾಗಿಲ್ಲ. ಮರ ಬಿದ್ದಾಗ ಮೊದಲು ಓಡುವವರು ಅವರು. ಕೆಲವರಿಗೆ ಈ ಕಾಡಿನ ಒಂದೊಂದು ಕಂಬ, ಒಂದೊಂದು ಸ್ಟೇ ವೈರ್ ಬಾಯಿಪಾಠ. ಹೊಸದಾಗಿ ಬಂದ ಕಾಯಂ ಹುಡುಗನಿಗೆ ಕಲಿಸುವುದಕ್ಕೆ ಅವರಿಗಿಂತ ಒಳ್ಳೆ ಜನ ಇಲ್ಲ. ಆದರೆ ಹುದ್ದೆಯಲ್ಲಿ ಅವರು ಕೆಳಗೆ. ಹತ್ತನೇ ತರಗತಿಯ ಅಂಕದ ಮೇಲೆ ಆಯ್ಕೆಯಾಗಿ ಬಂದ ಇಪ್ಪತ್ತರ ಹುಡುಗ ತಪ್ಪು ಕಡೆ ಹೊರಟರೆ ನಲವತ್ತರ ಗ್ಯಾಂಗ್‌ಮನ್ "ಹಂಗಲ್ಲ ತಮ್ಮಾ" ಅನ್ನುವುದಕ್ಕೆ ಹಿಂದೆ ಮುಂದೆ ನೋಡುತ್ತಾನೆ. ನಾಳೆ ಕೆಲಸಕ್ಕೆ ಬರಬೇಡ ಅಂದರೆ ಅವನ ಮನೆ ನಡೆಯುವುದು ಹೇಗೆ? ಇಂಥ ಕಡೆ ಶಾಖಾಧಿಕಾರಿ ಒಂದು ಮಾತು ಹೇಳಿದರೆ ಸಾಕು. ಎಲ್ಲರ ಎದುರಿಗೆ ಹೊಸಬನಿಗೆ "ಇವರ ಹತ್ರ ಕಲಿ, ಇವರು ನಿಲ್ಲು ಅಂದ್ರೆ ನಿಲ್ಲಬೇಕು" ಅಂತ. ಗ್ಯಾಂಗ್‌ಮನ್‌ಗೂ ಗೌರವ, ಹುಡುಗನಿಗೂ ಕ್ಷೇಮ. ಅದರ ಜತೆಗೆ ಕಲಿಸುವ ಗ್ಯಾಂಗ್‌ಮನ್‌ಗೆ ಕೂಲಿಯಲ್ಲಿ ಏನಾದರೂ ಜಾಸ್ತಿ ಸಿಗುವಂತೆ ಮಾಡಿದರೆ ಇನ್ನೂ ನ್ಯಾಯ.

ಇದು ನಮ್ಮ ಇಲಾಖೆಯ ಕಥೆ ಮಾತ್ರ ಅಲ್ಲ. ನನ್ನ ತಂಗಿ ಒಂದು ಆಸ್ಪತ್ರೆಯಲ್ಲಿ ನರ್ಸ್. ಹೊಸದಾಗಿ ಸೇರಿದವಳನ್ನು ರಾತ್ರಿ ಪಾಳಿಗೆ ಒಬ್ಬಳನ್ನೇ ಬಿಡುವುದು, ಡಾಕ್ಟರನ್ನು ಎಬ್ಬಿಸಿ ಕೇಳಿದರೆ ಬೈಯುವುದು, ಅಲ್ಲೂ ಇದೇ ಅಂತ ಹೇಳುತ್ತಾಳೆ. ಅಲ್ಲಿ ಹೋಗುವುದು ಬೇರೆಯವರ ಜೀವ, ಇಲ್ಲಿ ನಮ್ಮದು. ಅಷ್ಟೇ ವ್ಯತ್ಯಾಸ.

ಹಾಗಾದರೆ ಏನು ಮಾಡಬೇಕು ಅಂತ ಕೇಳಿದರೆ, ದೊಡ್ಡ ಯೋಜನೆ, ಹೊಸ ಕೇಂದ್ರ, ಟೆಂಡರ್ ಇವು ಯಾವುದೂ ಬೇಡ. ಬರುವ ಪ್ರತಿ ಹೊಸಬನನ್ನೂ ಒಬ್ಬ ಹಿರಿಯನ ಜತೆ ಹೆಸರು ಬರೆದು ಜೋಡಿ ಮಾಡಿ. ಬಾಯಿಮಾತಿನಲ್ಲಿ ಬೇಡ, ಆದೇಶದಲ್ಲಿ. ಕನಿಷ್ಠ ಒಂದು ಪೂರ್ತಿ ಮಳೆಗಾಲ ಕಳೆಯುವವರೆಗೆ ಹೊಸಬನ ಹೆಸರಿನಲ್ಲಿ ಎಲ್‌ಸಿ ಕೊಡಬೇಡಿ, ಅವನನ್ನು ಒಬ್ಬನೇ ಲೈನಿಗೆ ಕಳಿಸಬೇಡಿ. ಆ ಹಿರಿಯನಿಗೆ ವಸೂಲಿ ಗುರಿ ಕಡಿಮೆ ಮಾಡಿ, ಎರಡೂ ಒಟ್ಟಿಗೆ ಆಗುವುದಿಲ್ಲ. ಅವನು ಎಷ್ಟು ಜನರನ್ನು ತಯಾರು ಮಾಡಿದ ಅನ್ನುವುದು ಅವನ ಸರ್ವಿಸ್ ದಾಖಲೆಯಲ್ಲಿ ಒಂದು ಸಾಲು ಬರಲಿ. ಶಾಖಾಧಿಕಾರಿ ವಾರಕ್ಕೆ ಒಂದು ಸಲವಾದರೂ ಜೀಪಿನಿಂದ ಇಳಿದು, ಹೊಸಬ ಎಲ್‌ಸಿ ತಗೊಳ್ಳುವುದರಿಂದ ವಾಪಸ್ ಕೊಡುವವರೆಗೆ ಪೂರ್ತಿ ಜತೆಗಿದ್ದು ನೋಡಲಿ. ಎಲ್‌ಸಿ ವಾಪಸ್ ಕೊಡುವ ಮೊದಲು ಅರ್ಥ್ ರಾಡ್ ಎಲ್ಲ ಬಂತಾ, ಜನ ಎಲ್ಲ ಕೆಳಗೆ ಇಳಿದರಾ ಅಂತ ಎಣಿಸುವುದನ್ನು ಹುಡುಗನ ಬಾಯಲ್ಲೇ ಹೇಳಿಸಲಿ. ತಪ್ಪಿದರೆ ಅಲ್ಲೇ ತಿದ್ದಲಿ, ಆಫೀಸಿಗೆ ಬಂದು ಮೆಮೊ ಕೊಡುವುದು ಬೇಡ.

ಎಇಇ ಸಾಹೇಬರುಗಳಿಗೆ ಒಂದು ಮಾತು. ಬ್ರೇಕ್‌ಡೌನ್ ಆದಾಗ ನೀವು ಫೋನ್ ಮಾಡಿ ಮೊದಲು ಕೇಳುವ ಪ್ರಶ್ನೆ "ಕರೆಂಟ್ ಯಾವಾಗ ಕೊಡ್ತೀರಿ?" ಅಂತ. ನಿಮ್ಮ ಮೇಲೂ ಒತ್ತಡ ಇದೆ, ಶಾಸಕರ ಫೋನ್ ಬಂದಿರುತ್ತದೆ, ಗೊತ್ತು. ಆದರೆ ಅದರ ಬದಲು ಮೊದಲು "ಬ್ಲೇಡ್ ಯಾರು ನೋಡಿದ್ರು? ಅರ್ಥ್ ಎಲ್ಲೆಲ್ಲಿ ಆಗಿದೆ?" ಅಂತ ಒಂದು ತಿಂಗಳು ಕೇಳಿ ನೋಡಿ. ನೀವು ಏನು ಕೇಳುತ್ತೀರೋ ಕೆಳಗಿನವರು ಅದನ್ನೇ ಕಲಿಯುತ್ತಾರೆ. ನಿಮ್ಮ ಪ್ರಶ್ನೆಗೆ ಉತ್ತರ ಇಟ್ಟುಕೊಳ್ಳಬೇಕು ಅಂತಲೇ ಶಾಖಾಧಿಕಾರಿ ಮೇಸ್ತ್ರಿಯನ್ನು ಕೇಳುತ್ತಾರೆ, ಮೇಸ್ತ್ರಿ ಹುಡುಗನನ್ನು ಕೇಳುತ್ತಾನೆ. ಮಾರ್ಚ್ 4ಕ್ಕೆ ಲೈನ್‌ಮನ್ ದಿನ ಅಂತ ನಮಗೆ ಶಾಲು ಹೊದಿಸಿ ಫೋಟೊ ತೆಗೆಯುತ್ತೀರಿ, ಸಂತೋಷ ಆಗುತ್ತದೆ. ಆದರೆ ಜೂನ್ ತಿಂಗಳ ಒಂದು ಸಂಜೆ, ಮಳೆಯಲ್ಲಿ, ಹುಡುಗನ ಪಕ್ಕ ನಿಂತು ಅರ್ಧ ಗಂಟೆ ಕೊಟ್ಟರೆ ಅದು ಅವನಿಗೆ ಸರ್ವಿಸ್ ಪೂರ್ತಿ ನೆನಪಿರುತ್ತದೆ.

ಓದುಗರಿಗೂ ಒಂದು ವಿನಂತಿ. ನಿಮ್ಮ ಮನೆ ಹತ್ತಿರ ಕಂಬದ ಕೆಳಗೆ ಇಬ್ಬರು ನಿಂತು ಮೇಲೆ ನೋಡುತ್ತಾ ಮಾತಾಡುತ್ತಿದ್ದರೆ, "ಬಂದು ಒಂದು ಗಂಟೆ ಆಯ್ತು, ಸುಮ್ನೆ ನಿಂತಿದಾರೆ" ಅಂತ ವಿಡಿಯೊ ಮಾಡಿ ಹಾಕಬೇಡಿ. ಅವರು ಬ್ಲೇಡ್ ಎಣಿಸುತ್ತಿರಬಹುದು. ಹಿರಿಯ ಕಿರಿಯನಿಗೆ ಹೇಳಿಕೊಡುತ್ತಿರಬಹುದು. ಆ ಹೊತ್ತಿನಲ್ಲಿ ನೀವು ಕೂಗಾಡಿದರೆ ಹಿರಿಯ ಕಲಿಸುವುದನ್ನು ಅಲ್ಲಿಗೇ ಬಿಟ್ಟು ತಾನೇ ಹತ್ತಿ ಮುಗಿಸುತ್ತಾನೆ. ನಿಮಗೆ ಕರೆಂಟ್ ಬೇಗ ಬರುತ್ತದೆ, ಹುಡುಗನಿಗೆ ಕಲಿಯುವ ಅವಕಾಶ ತಪ್ಪುತ್ತದೆ. ಮುಂದಿನ ಸಲ ಅವನು ಒಬ್ಬನೇ ಬರುತ್ತಾನೆ. ಮನೆಯಲ್ಲಿ, ತೋಟದಲ್ಲಿ ಜನರೇಟರ್ ಇದ್ದವರು ದಯವಿಟ್ಟು ಅದರ ಸ್ವಿಚ್ ಸರಿಯಾಗಿದೆಯಾ ಅಂತ ಎಲೆಕ್ಟ್ರಿಷಿಯನ್ ಕರೆಸಿ ತೋರಿಸಿ. ಅನುಮಾನ ಇದ್ದರೆ ಶಾಖೆಗೆ ತಿಳಿಸಿ, ನಾವು ಬಂದು ನೋಡುತ್ತೇವೆ, ಹೊಸ ಹುಡುಗರನ್ನೂ ಕರೆತಂದು ತೋರಿಸುತ್ತೇವೆ.

ಮೃಗಶಿರಾ ಮಳೆ ಹಿಡಿಯುವ ಮೊದಲು ಒಂದೊಂದು ಉಪವಿಭಾಗದಲ್ಲೂ ಯಾವ ಹೊಸಬ ಯಾವ ಹಿರಿಯನ ಜತೆ ಅಂತ ಪಟ್ಟಿ ಮಾಡಿ ಶಾಖೆಯ ಗೋಡೆಗೆ ಅಂಟಿಸಬೇಕು ಅಂತ ಕೇಳಿಕೊಳ್ಳುತ್ತೇನೆ. ಅದಕ್ಕೆ ಬೆಂಗಳೂರಿನ ಅನುಮತಿ ಬೇಡ, ಎಇಇ ಅವರ ಒಂದು ಸಹಿ ಸಾಕು. ಒಂದು ಮಧ್ಯಾಹ್ನದ ಕೆಲಸ. ನಮ್ಮ ಉಪವಿಭಾಗದ ಪಟ್ಟಿ ಮಾಡಲು ಕೂರುವುದಾದರೆ ನಾನೂ ಬರುತ್ತೇನೆ. ಯಾರು ಯಾರಿಗೆ ಚೆನ್ನಾಗಿ ಕಲಿಸುತ್ತಾರೆ ಅಂತ ಆಫೀಸಿಗಿಂತ ಜಾಸ್ತಿ ನಮಗೆ ಗೊತ್ತು.

ಇಂತಿ ನಿಮ್ಮ ಓದುಗ,
ಮಲೆನಾಡಿನ ಒಬ್ಬ ಮೇಸ್ತ್ರಿ